ಮನೆ ಸುತ್ತಲಿನ ಕಾಡಿಗೊಂದು ಲೆಕ್ಕದ ಪುಸ್ತಕ

ಮಲೆನಾಡಿನ ಕೃಷಿಕರ ಮನೆಗಳಲ್ಲಿ ಬರೆದಿಡುವ ಅಭ್ಯಾಸಕ್ಕೆ ಕೊರತೆಯಿಲ್ಲ. ಅಡಿಕೆಗೆ ಬೋರ್ಡೋ ಹೊಡೆದ ದಿನ, ಕೊಯ್ಲಿಗೆ ಬಂದವರ ಸಂಬಳ, ಹಸು ಗಬ್ಬವಾದ ತಾರೀಖು ಎಲ್ಲವೂ ಕ್ಯಾಲೆಂಡರಿನ ಚೌಕದಲ್ಲೋ ಹಳೇ ಡೈರಿಯಲ್ಲೋ ಸಿಗುತ್ತವೆ. ಕೋಗಿಲೆ ಈ ವರ್ಷ ಮೊದಲು ಕೂಗಿದ್ದು ಯಾವತ್ತು, ಹಿತ್ತಲಿನ ಹಾಲುವಾಣ ಹೂ ಬಿಟ್ಟಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ‘ಶಿವರಾತ್ರಿ ಹೊತ್ತಿಗೆ ಇರಬೇಕು’ ಎಂಬ ಉತ್ತರ. ಆ ಶಿವರಾತ್ರಿಯೋ ಒಂದು ವರ್ಷ ಫೆಬ್ರವರಿ ನಡುವಿಗೆ, ಇನ್ನೊಂದು ವರ್ಷ ಮಾರ್ಚ್ ಎರಡನೇ ವಾರಕ್ಕೆ ಬರುತ್ತದೆ. ಕಾಲ ಮೊದಲಿನ ಹಾಗಿಲ್ಲ ಎಂದು ಜಗಲಿಯ ಮೇಲೆ ಕೂತು ಹೇಳುವವರು ಬಹಳ. ಎಷ್ಟು ಬದಲಾಗಿದೆ ಎಂದು ತಾರೀಖು ಹಿಡಿದು ತೋರಿಸುವವರು ಕಡಿಮೆ.

ಅಂಗಳ, ಹಿತ್ತಲು, ತೋಟದ ಅಂಚು, ಒಂದಿಷ್ಟು ಸೊಪ್ಪಿನಬೆಟ್ಟ ಇರುವ ಮನೆಯವರಿಗೆ ಈ ಕೆಲಸ ಸುಲಭ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹಕ್ಕಿಯ, ಗಿಡದ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಹೆಸರನ್ನು ಮುಂದಿನ ವರ್ಷವೂ ಹುಡುಕಬಹುದು. ಬರೆಯದೆ ಬಿಟ್ಟ ತಾರೀಖು ಮತ್ತೆ ಸಿಗುವುದಿಲ್ಲ.

ಪುಸ್ತಕ ಹೀಗಿರಲಿ

ದಪ್ಪ ರಟ್ಟಿನ ಉದ್ದ ಪುಸ್ತಕವೊಂದನ್ನು ತಂದು, ತಿಂಗಳ ಹೆಸರಿನ ಬದಲು ಮಳೆ ನಕ್ಷತ್ರಗಳ ಹೆಸರನ್ನು ಪುಟಗಳ ತಲೆಯ ಮೇಲೆ ಬರೆಯಿರಿ. ಅಶ್ವಿನಿಯಿಂದ ರೇವತಿಯವರೆಗೆ 27 ನಕ್ಷತ್ರ, ಒಂದೊಂದಕ್ಕೂ 13-14 ದಿನ. ಪಂಚಾಂಗದ ತಿಥಿಗಳು, ಹಬ್ಬಗಳು ಚಂದ್ರನ ಲೆಕ್ಕದಲ್ಲಿ ಹಿಂದೆ ಮುಂದೆ ಆಗುತ್ತವೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕ. ರೋಹಿಣಿ ಮಳೆ ಮೇ 25ರ ಆಸುಪಾಸಿನಲ್ಲಿ, ಮೃಗಶಿರ ಜೂನ್ 7-8ಕ್ಕೆ, ಆರಿದ್ರ ಜೂನ್ 21-22ಕ್ಕೆ ಹುಟ್ಟುವುದು ಪ್ರತಿ ವರ್ಷವೂ ಹೆಚ್ಚು ಕಡಿಮೆ ಒಂದೇ. ವರ್ಷದಿಂದ ವರ್ಷಕ್ಕೆ ಹೋಲಿಸಲು ಇದಕ್ಕಿಂತ ಅನುಕೂಲದ ಚೌಕಟ್ಟು ಬೇರೆ ಬೇಡ. ಗದ್ದೆ ತೋಟದ ಕೆಲಸಗಳೂ ಇದೇ ಹೆಸರುಗಳಲ್ಲಿ ನಡೆಯುವುದರಿಂದ ಮನೆಯ ಹಿರಿಯರೂ ಸುಲಭವಾಗಿ ಜೊತೆಗೂಡುತ್ತಾರೆ.

ಒಂದು ನಕ್ಷತ್ರಕ್ಕೆ ಎದುರುಬದುರಿನ ಎರಡು ಪುಟ ಕೊಟ್ಟು, ಐದು ಅಡ್ಡ ಪಟ್ಟಿ ಎಳೆಯಿರಿ, ವರ್ಷಕ್ಕೊಂದು ಪಟ್ಟಿ. ಮುಂದಿನ ವರ್ಷ ಅದೇ ಪುಟ ತೆರೆದಾಗ ಹಳೆಯದರ ಕೆಳಗೇ ಹೊಸದು ಕೂರುತ್ತದೆ. ಬರೆಯುವುದು ಪೆನ್ಸಿಲ್ಲಿನಲ್ಲಿ. ಆಷಾಢದ ತೇವಕ್ಕೆ ಶಾಯಿ ಹರಡುತ್ತದೆ, ಪೆನ್ಸಿಲ್ ಗೀಟು ಅಳಿಸಿಹೋಗುವುದಿಲ್ಲ.

ಪ್ರತಿ ದಾಖಲೆಯ ಮುಂದೆ ಒಂದು ಗುರುತಿನಕ್ಷರ ಹಾಕಿ. ‘ಕ’ ಎಂದರೆ ಕಣ್ಣಾರೆ ಕಂಡದ್ದು, ‘ಕೇ’ ಎಂದರೆ ಕೂಗು ಕೇಳಿದ್ದು, ‘ಗು’ ಎಂದರೆ ಹೆಜ್ಜೆ, ಲದ್ದಿ, ಗರಿಯಂಥ ಗುರುತು, ‘ಹೇ’ ಎಂದರೆ ಬೇರೆಯವರು ಹೇಳಿದ್ದು. ಪಕ್ಕದ ಮನೆಯವರು ಚಿರತೆ ಕಂಡಿದ್ದಾರೆಂಬ ಸುದ್ದಿಗೂ ನಿಮ್ಮ ದಣಪೆಯ ಬಳಿ ಬಿದ್ದ ಹೆಜ್ಜೆಗೂ ಇರುವ ವ್ಯತ್ಯಾಸ ಈ ಒಂದಕ್ಷರದಲ್ಲಿ ಉಳಿಯುತ್ತದೆ. ನೋಡಲು ಹೋಗಿ ಏನೂ ಸಿಗದ ದಿನವನ್ನೂ ‘ಇಲ್ಲ’ ಎಂದು ಬರೆಯಬೇಕು. ಹೊಸಬರು ಬಿಟ್ಟುಬಿಡುವುದು ಇದನ್ನೇ. ಸೆಪ್ಟೆಂಬರ್ 10ಕ್ಕೆ ‘ಇಲ್ಲ’, 14ಕ್ಕೆ ‘ಇದೆ’ ಎಂದಿದ್ದರೆ ವಲಸೆ ಹಕ್ಕಿ ಬಂದದ್ದು ಆ ನಾಲ್ಕು ದಿನಗಳೊಳಗೆ ಎಂದು ಖಾತ್ರಿ. ‘ಇದೆ’ ಮಾತ್ರ ಇದ್ದರೆ ಅದು ತಿಂಗಳಿಂದಲೂ ಅಲ್ಲೇ ಇದ್ದಿರಬಹುದು.

ಏನನ್ನು ನೋಡುವುದು

ಎಲ್ಲವನ್ನೂ ನೋಡಲು ಹೊರಟವರ ಪುಸ್ತಕ ಸಾಮಾನ್ಯವಾಗಿ ಪುನರ್ವಸು ಮಳೆಗೆ ನಿಂತುಹೋಗುತ್ತದೆ. ಮೊದಲ ವರ್ಷಕ್ಕೆ ಎರಡು ಮರ, ಹತ್ತು ಮಾರು ಬೇಲಿ, ನೀರಿನ ಒಂದು ಜಾಗ (ಬಾವಿ, ಕೆರೆ, ತೋಟದ ಅಗಳ, ಯಾವುದಾದರೂ), ಕೂಗಿನಿಂದಲೇ ಗುರುತು ಸಿಗುವ ಮೂರು ಹಕ್ಕಿ ಸಾಕು. ಇವನ್ನು ಮುಟ್ಟಿ ಬರುವಂತೆ ಒಂದು ದಾರಿ ಗೊತ್ತು ಮಾಡಿಕೊಳ್ಳಿ. ವಾರಕ್ಕೆ ಎರಡು ಬೆಳಗ್ಗೆ, ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ, ಅದೇ ದಾರಿ, ಅದೇ ನಡಿಗೆ. ಕೊನೆಯಲ್ಲಿ ಕಾಲು ಗಂಟೆ ಸುಮ್ಮನೆ ಕೂರುವುದು.

ಮರಗಳಲ್ಲಿ ಒಂದಾದರೂ ಎಲೆ ಉದುರಿಸುವ ಮರವಾಗಿರಲಿ. ಬೂರುಗ ಅಥವಾ ಹಾಲುವಾಣ ಸಿಕ್ಕರೆ ಬೇರೆ ಹುಡುಕಬೇಡಿ. ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟ ಹಾಲುವಾಣ ಬಹುತೇಕ ತೋಟಗಳಲ್ಲಿ ಇದ್ದೇ ಇರುತ್ತದೆ. ಜನವರಿಯಿಂದ ಮಾರ್ಚ್ ಒಳಗೆ ಎಲೆ ಇಲ್ಲದ ಕೊಂಬೆಗಳಲ್ಲಿ ಅದು ಕೆಂಪು ಹೂ ಬಿಟ್ಟಾಗ ಮರದ ಬುಡದಿಂದ ದೂರ, ಬಿಸಿಲು ಬೆನ್ನಿಗೆ ಬೀಳುವಂತೆ ಒಂದು ಗಂಟೆ ಕೂತರೆ ಹಕ್ಕಿಗಳ ಪಾಠ ಅಲ್ಲೇ ಮುಗಿಯುತ್ತದೆ. ಗೊರವಂಕ, ಪಿಕಳಾರ, ಕಾಜಾಣ, ಸೂರಕ್ಕಿ ಎಲ್ಲವೂ ಮಕರಂದಕ್ಕೆ ಬರುತ್ತವೆ. ಮರೆಮಾಡಲು ಎಲೆಯಿಲ್ಲ. ಯಾರು ಯಾರನ್ನು ಓಡಿಸುತ್ತಾರೆ, ಯಾರ ಕೊಕ್ಕಿಗೆ ಪರಾಗದ ಪುಡಿ ಮೆತ್ತಿದೆ, ಅಳಿಲು ಹೂವನ್ನೇ ಕಿತ್ತು ತಿನ್ನುತ್ತದೆಯೇ ಎಂಬುದನ್ನೆಲ್ಲ ಬರಿಗಣ್ಣಿನಲ್ಲೇ ನೋಡಬಹುದು. ಮೊದಲ ಹೂ, ಅರ್ಧ ಮರ ಹೂ, ಹೂ ಮುಗಿದದ್ದು, ಮೊದಲ ಚಿಗುರು ಎಂಬ ನಾಲ್ಕು ತಾರೀಖು ಬರೆದರೆ ಆ ಮರದ ವರ್ಷದ ದೊಡ್ಡ ಭಾಗ ದಾಖಲಾದಂತೆ.

ಎರಡನೆಯದು ಅತ್ತಿಯೋ ಬಸರಿಯೋ ಆದರೆ ಚೆನ್ನ. ಈ ಜಾತಿಯ ಮರಗಳಿಗೆ ಇಂಥದ್ದೇ ಹಣ್ಣಿನ ಕಾಲವೆಂದಿಲ್ಲ, ಒಂದೊಂದು ಮರಕ್ಕೂ ಅದರದೇ ಸರದಿ. ಬೇರೆಲ್ಲೂ ಹಣ್ಣಿಲ್ಲದ ದಿನಗಳಲ್ಲಿ ಕುಟ್ರ, ಮಂಗಟ್ಟೆ, ಹಸಿರು ಪಾರಿವಾಳಗಳು ಬದುಕುವುದು ಈ ಮರಗಳಿಂದ.

ಮೃಗಶಿರದ ಎರಡು ವಾರ

ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಡುವುದು ರೋಹಿಣಿಯ ಕೊನೆ, ಮೃಗಶಿರದ ಮೊದಲು. ಆಗ ದಿನಕ್ಕೊಂದು ಪುಟವೂ ಸಾಲದು. ಮೊದಲ ಜೋರು ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು, ಅಂದರೆ ಮಳೆಹುಳುಗಳು, ನೆಲದಿಂದ ಏಳುತ್ತವೆ. ಎದ್ದ ಗಂಟೆ ಬರೆಯಿರಿ. ಅವುಗಳ ಹಿಂದೆಯೇ ಕಾಜಾಣ, ಹಲ್ಲಿ, ಕಪ್ಪೆ ಎಲ್ಲರಿಗೂ ಊಟ. ಮಳೆ ಕಟ್ಟುವ ಮುನ್ನ ಕತ್ತಲ ರಾತ್ರಿಗಳಲ್ಲಿ ಮಿಂಚುಹುಳುಗಳು ಇಡೀ ಮರ ತುಂಬಿ ಒಟ್ಟಿಗೇ ಹೊತ್ತಿ ಆರುವುದೂ ಇದೇ ಹೊತ್ತಿಗೆ. ಅಂಗಳದ ಎಲ್ಲ ದೀಪ ಆರಿಸಿ ಕಾಲು ಗಂಟೆ ಕಾದರೆ ಮಾತ್ರ ಕಾಣುತ್ತವೆ. ದೊಡ್ಡ ಗೋಂಕರಗಪ್ಪೆಯ ಗಂಡು ಕೆಲವೇ ದಿನ ನಿಂಬೆಹಣ್ಣಿನಂತೆ ಹಳದಿಯಾಗಿ, ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಗದ್ದೆಯಲ್ಲಿ ಕೂಗುತ್ತದೆ. ಹಳ್ಳಕ್ಕೆ ಕೆಂಪು ನೀರು ಬಂದ ರಾತ್ರಿ ಹತ್ತುಮೀನು ಏರುತ್ತವೆ. ಅವು ಮೊಟ್ಟೆ ತುಂಬಿಕೊಂಡು ಬರುವ ಮೀನುಗಳು. ಅವನ್ನು ಹಿಡಿಯಲು ಕೂಣಿ ಒಡ್ಡುವುದನ್ನು ಒಂದು ವರ್ಷ ಬಿಟ್ಟು ಎಣಿಸಿ ನೋಡಬಾರದೇಕೆ?

ಕಪ್ಪೆಗಳನ್ನು ಕಣ್ಣಿಂದ ಹುಡುಕುವುದಕ್ಕಿಂತ ಕಿವಿಯಿಂದ ಹಿಡಿಯುವುದು ಸುಲಭ. ರಾತ್ರಿ ಎಂಟಕ್ಕೆ ಜಗಲಿಯಿಂದಲೇ ಫೋನಿನಲ್ಲಿ ಎರಡು ನಿಮಿಷ ಧ್ವನಿ ಹಿಡಿದಿಟ್ಟುಕೊಳ್ಳಿ, ವಾರಕ್ಕೊಮ್ಮೆ. ಜುಲೈ ಹೊತ್ತಿಗೆ ಕೇಳಿದರೆ ಹಾಡುಗಾರರು ಬದಲಾಗಿರುವುದು ಗೊತ್ತಾಗುತ್ತದೆ. ಕೆರೆ, ತೊಟ್ಟಿಗಳ ಮೇಲೆ ಬಾಗಿದ ಎಲೆಗಳಿಗೆ ಬಿಳಿ ನೊರೆಯ ಮುದ್ದೆ ಅಂಟಿದ್ದರೆ ಅದು ಮರಗಪ್ಪೆಯ ಗೂಡು. ಗೊದಮೊಟ್ಟೆಗಳು ಅದರಿಂದ ನೇರ ನೀರಿಗೆ ಉದುರುತ್ತವೆ. ಮುಟ್ಟದೆ ದಿನ ಎಣಿಸಿ.

ಮಳೆಯನ್ನೂ ಅಳೆದಿಟ್ಟರೆ ಉಳಿದ ದಾಖಲೆಗೆ ಬೆಲೆ ಬರುತ್ತದೆ. ಬಾಯಿಯೂ ತಳವೂ ಒಂದೇ ಅಗಲವಿರುವ ನೇರ ಗೋಡೆಯ ಡಬ್ಬಿಯನ್ನು ಸೂರಿನ ನೀರು, ಮರದ ಹನಿ ಬೀಳದ ಬಯಲಲ್ಲಿಟ್ಟು, ಪ್ರತಿದಿನ ಬೆಳಗ್ಗೆ 8.30ಕ್ಕೆ ಸ್ಕೇಲಿನಿಂದ ಅಳೆದು ಚೆಲ್ಲಿ. ಹವಾಮಾನ ಇಲಾಖೆಯೂ ಅಳೆಯುವುದು ಅದೇ ಹೊತ್ತಿಗೆ. ವರ್ಷಕ್ಕೆ 7000 ಮಿ.ಮೀ. ದಾಟುವ ಆಗುಂಬೆಯ ಕಡೆಯವರು ಎತ್ತರದ ಡಬ್ಬಿಯನ್ನೇ ಇಡಬೇಕು.

ಆರಿದ್ರ, ಪುನರ್ವಸು, ಪುಷ್ಯದಲ್ಲಿ ಸುತ್ತಾಟ ಕಡಿಮೆ. ಹೋಗುವುದಾದರೆ ಉಂಬಳಕ್ಕೆ ಸುಣ್ಣ-ಹೊಗೆಸೊಪ್ಪು ಕಾಲಿಗೆ ಹಚ್ಚಿಕೊಂಡು ಹೋಗಿ. ಇಲ್ಲವೇ ಜಗಲಿಯಲ್ಲೇ ಬಿಳಿ ಪಂಚೆ ಕಟ್ಟಿ ಅದರ ಮುಂದೆ ಒಂದು ಬಲ್ಬು ಉರಿಸಿ. ಒಂದು ಗಂಟೆಯೊಳಗೆ ಪತಂಗಗಳು ಬಂದು ಕೂರುತ್ತವೆ. ಫೋಟೋ ತೆಗೆದು ದೀಪ ಆರಿಸಿಬಿಡಿ, ಇಡೀ ರಾತ್ರಿ ಉರಿಸಿದರೆ ಬೆಳಗ್ಗೆ ಅವು ಹಕ್ಕಿಗಳ ಪಾಲು. ನಸುಕಿಗೆ ಮೊದಲು, ದಾರಿ ತಪ್ಪಿದ ಹುಡುಗನೊಬ್ಬ ಸಿಳ್ಳೆ ಹಾಕುತ್ತಾ ಹೋದಂಥ ಹಾಡು ಕೇಳಿದರೆ ಅದು ಮಲೆನಾಡಿನ ಸಿಳ್ಳೆ ಹಕ್ಕಿ. ಹೆಚ್ಚು ಹಾಡುವುದು ಮಳೆಗಾಲದಲ್ಲೇ.

ಹುಬ್ಬೆಯಿಂದ ಸ್ವಾತಿಯವರೆಗೆ

ಮಳೆ ಬಿಡುವು ಕೊಟ್ಟ ಕೂಡಲೆ ಬೇಲಿಯ ಸರದಿ. ಗೌರಿ ಹಬ್ಬದ ಹೊತ್ತಿಗೆ ಗೌರಿ ಹೂ ಹಸಿರು-ಹಳದಿಯಲ್ಲಿ ಅರಳಿ ಕೆಂಪಿಗೆ ತಿರುಗುತ್ತದೆ. ಒಂದು ಹೂವಿಗೆ ದಾರ ಕಟ್ಟಿ ಬಣ್ಣ ಬದಲಾಗುವ ದಿನಗಳನ್ನು ಬರೆಯಲು ಮಕ್ಕಳಿಗೆ ಹೇಳಿ, ಆದರೆ ಅದರ ಗಡ್ಡೆ ಸಹಿತ ಇಡೀ ಗಿಡ ವಿಷವೆಂಬುದನ್ನೂ ಹೇಳಿಯೇ ಕಳಿಸಿ. ಕರಿಬೇವು, ನಿಂಬೆಯ ಎಲೆಗಳ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನಾದರೂ ಕಂಡರೆ ಮರುದಿನವೂ ನೋಡಿ: ಚಿಟ್ಟೆಯ ಮರಿಹುಳು ಮೊದಲು ಹಾಗೇ ಇರುತ್ತದೆ, ಬೆಳೆದ ಮೇಲೆ ಹಸಿರಾಗುತ್ತದೆ. ಕೆಣಕಿದರೆ ತಲೆಯಿಂದ ಕವಲು ಕೊಂಬು ಚಾಚಿ ನಾತ ಬಿಡುತ್ತದೆ. ಕರಿಬೇವಿನ ನಾಲ್ಕು ಎಲೆ ಹೋದರೆ ಹೋಗಲಿ. ಬೇಲಿಯಲ್ಲಿ ಈಶ್ವರಿ ಬಳ್ಳಿ ಇದ್ದರೆ ಕಳೆ ಎಂದು ಸವರಬೇಡಿ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಅದರ ಮೇಲೆ.

ಸೆಪ್ಟೆಂಬರಿನಲ್ಲಿ ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಕುಂಡೆಕುಸ್ಕ ಬಂದಿಳಿಯುತ್ತದೆ. ಅಕ್ಟೋಬರಿಗೆ ನವರಂಗ, ಬೆಳಗ್ಗೆ ಸಂಜೆ ಎರಡೇ ಸ್ವರದ ಸಿಳ್ಳೆ. ಅದೇ ದಿನಗಳಲ್ಲಿ ಅಂಗಳದ ಮೇಲೆ ಗುಂಪಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆಗಳನ್ನು ಕಡೆಗಣಿಸಬೇಡಿ, ಎರಡಿಂಚೂ ಉದ್ದವಿಲ್ಲದ ಈ ಜಾತಿ ಗಾಳಿಯ ಬೆನ್ನೇರಿ ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾ ಮುಟ್ಟುತ್ತದೆ. ಭೂಮಿ ಹುಣ್ಣಿಮೆಗೆ ಮನೆಯ ಹೆಂಗಸರು ಬುಟ್ಟಿ ತುಂಬ ತರುವ ಕಾಡುಸೊಪ್ಪುಗಳನ್ನು ಹೆಚ್ಚುವ ಮೊದಲು ಒಂದೊಂದೇ ಹೆಸರು ಕೇಳಿ ಬರೆದುಕೊಳ್ಳಿ. ಹಿತ್ತಲಿನ ಸಸ್ಯಪಟ್ಟಿ ಮಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ, ಅಜ್ಜಿಗಿಂತ ಒಳ್ಳೆಯ ಗುರುವೂ ಇಲ್ಲ.

ಚಳಿ, ಬೇಸಿಗೆ

ಇಬ್ಬನಿ ಬಿದ್ದ ಬೆಳಗ್ಗೆ ಬೇಲಿಯಲ್ಲಿ ಜೇಡರ ಬಲೆ ಎಣಿಸಿ; ಬಿಸಿಲೇರಿದರೆ ಒಂದೂ ಕಾಣದು. ಮಾವಿನ ಹೂ, ಮಿಡಿ ಕೊಯ್ದ ದಿನ, ಕುಟ್ರನ ಕೂಗು ಶುರುವಾದದ್ದು ಸೇರಿಸಿ. ಕೋಗಿಲೆ ಚಳಿಯಲ್ಲಿ ಊರು ಬಿಟ್ಟಿರುವುದಿಲ್ಲ, ಕೂಗುವುದಿಲ್ಲವಷ್ಟೆ.

ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು ದಣಪೆಯ ಬಳಿ ಅರ್ಧ ಇಂಚು ಹರಡಿಟ್ಟರೆ ರಾತ್ರಿಯ ಅತಿಥಿಗಳ ಹೆಜ್ಜೆ ಅಚ್ಚಾಗುತ್ತದೆ. ನಾಲ್ಕು ಬೆರಳು, ಉಗುರಿನ ಗುರುತಿದ್ದರೆ ನಾಯಿ ಅಥವಾ ನರಿ. ಉಗುರಿಲ್ಲದಿದ್ದರೆ ಬೆಕ್ಕಿನ ಬಳಗ. ಐದು ಬೆರಳಿದ್ದರೆ ಪುನುಗು ಇರಬಹುದು. ಪಾಗಾರದ ಮೇಲೆ ಬಗನಿ ಬೀಜವೋ ಕಾಫಿ ಬೀಜವೋ ತುಂಬಿದ ಹಿಕ್ಕೆ ಬಿದ್ದಿದ್ದರೆ ಅದರದ್ದೇ ಎನ್ನಬಹುದು.

ಬೇಸಿಗೆಯಲ್ಲಿ ಹಕ್ಕಿಗಳಿಗಾಗಿ ಅಗಲ ಬಾಯಿಯ ಮಣ್ಣಿನ ತಟ್ಟೆಗೆ ಎರಡಿಂಚು ನೀರು, ನಡುವೆ ಒಂದು ಕಲ್ಲು. ದಿನವೂ ತಿಕ್ಕಿ ತೊಳೆಯದಿದ್ದರೆ ರೋಗ ಹರಡುತ್ತದೆ, ತೊಳೆಯಲಾಗದವರು ಇಡದಿರುವುದೇ ವಾಸಿ.

ಎಚ್ಚರಿಕೆ ಹೇಳಲೇಬೇಕಾದ ಕಾಲವೂ ಇದೇ. ಮಂಗನಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆಯಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ಒಳಗೆ. ಈ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ; ಮೈ ಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಉಣ್ಣೆ ತೈಲ ಬಳಸಿ. ಮನೆಗೆ ಬಂದ ಕೂಡಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ರಾತ್ರಿ ಟಾರ್ಚು, ಗಂಬೂಟು ಇಲ್ಲದೆ ಅಂಗಳ ದಾಟುವುದೂ ಬೇಡ. ಮಾರ್ಚ್-ಮೇ ನಡುವೆ ತರಗೆಲೆಯನ್ನು ರಾಶಿ ಒಟ್ಟಿದಂಥ ಗೂಡು ಬೆಟ್ಟದಲ್ಲಿ ಕಂಡರೆ ಅದು ಕಾಳಿಂಗದ್ದಿರಬಹುದು. ಹಿಂದೆ ಹೆಜ್ಜೆ ಇಟ್ಟು ಬನ್ನಿ, ಅರಣ್ಯ ಇಲಾಖೆಗೆ ಹೇಳಿ.

ದಾಖಲೆ ಊರಾಚೆಗೂ

ಪುಸ್ತಕ ಒಂದು ಸುತ್ತು ಮುಗಿದ ಮೇಲೆ ಮೊಬೈಲಿಗೆ ಬನ್ನಿ. ಸೀಸನ್‌ವಾಚ್ ಯೋಜನೆಯಲ್ಲಿ ಒಂದು ಮರವನ್ನು ನೋಂದಾಯಿಸಿ ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿಯ ಸ್ಥಿತಿ ತುಂಬಬಹುದು. ಹಕ್ಕಿಗಳಿಗೆ ಇ-ಬರ್ಡ್ ಇದೆ. ಕಾಲು ಗಂಟೆಯಲ್ಲಿ ಕಂಡ ಎಲ್ಲವನ್ನೂ, ಕಾಗೆಯನ್ನೂ ಸೇರಿಸಿ, ಲೆಕ್ಕಸಹಿತ ಹಾಕಬೇಕು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಶುರುಮಾಡಲು ಒಳ್ಳೆಯ ನೆಪ. ಕೂಗು ಕೇಳಿಸಿದರೆ ಹೆಸರು ಸೂಚಿಸುವ ಮರ್ಲಿನ್ ಆ್ಯಪ್ ಕೂಡ ಇದೆ. ಅದು ಹೇಳಿದ್ದನ್ನು ಕಣ್ಣಿಂದ ನೋಡುವವರೆಗೆ ‘ಹೇ’ ಸಾಲಿನಲ್ಲೇ ಇಡಿ.

ಗೂಡು, ಮೊಟ್ಟೆ ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ. ಫೋಟೋಕ್ಕಾಗಿ ಗೂಡಿನ ಮುಂದಿನ ಎಲೆ ಸವರುವುದೂ ಹದ್ದು, ಕಾಗೆಗೆ ದಾರಿ ತೋರಿಸಿದಂತೆಯೇ. ಮಂಗಟ್ಟೆಯ ಪೊಟರೆ, ಕಾಡುಪಾಪ ಕಂಡ ಮರ, ಪುನುಗಿನ ಬಿಡಾರ ಇವುಗಳ ಜಾಗವನ್ನು ಆ್ಯಪ್‌ನಲ್ಲಿ ಮರೆಮಾಡಿ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ.