ಹಿತ್ತಲ ಮೀನುಕೊಳದ ಉಸಿರಿನ ಲೆಕ್ಕ

ಶಿವನಸಮುದ್ರದ ಗಗನಚುಕ್ಕಿಯಲ್ಲಿ ಕಾವೇರಿಯು ಬಂಡೆಗಳಿಗೆ ಅಪ್ಪಳಿಸಿ ನೊರೆನೊರೆಯಾಗಿ ಧುಮುಕುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಆ ನೊರೆಯ ಒಂದೊಂದು ಗುಳ್ಳೆಯೂ ಗಾಳಿಯ ಆಮ್ಲಜನಕವನ್ನು ನೀರಿಗೆ ಬೆರೆಸುತ್ತದೆ. ಹರಿಯುವ ಹೊಳೆಯ ಮೀನಿಗೆ ಉಸಿರಿನ ಚಿಂತೆ ಕಡಮೆ. ಆದರೆ ಅದೇ ಮಳವಳ್ಳಿ ತಾಲ್ಲೂಕಿನ ಒಂದು ಮನೆಯ ಹಿತ್ತಲಿನಲ್ಲಿ ಕೊಳವನ್ನು ತೋಡಿ, ಮನೆಮಂದಿಯ ಸಾರಿಗೆ ಮೀನನ್ನೂ ಮಕ್ಕಳಿಗೆ ಗಾಳ ಹಾಕುವ ವಿನೋದವನ್ನೂ ಪಡೆಯಬೇಕೆಂದರೆ, ನಿಂತ ನೀರಿನ ಉಸಿರನ್ನು ಕಾಯುವ ಹೊಣೆ ನಮ್ಮದಾಗುತ್ತದೆ.

ಈ ಹೊಣೆಯನ್ನು ಮರೆತರೆ ಆಗುವುದೇನು? ನಿನ್ನೆ ಸಂಜೆ ಚೆನ್ನಾಗಿ ಮೇವು ತಿಂದ ಮೀನುಗಳು ಇಂದು ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುವುದುಂಟು. ಯಾರೋ ವಿಷ ಹಾಕಿದರೆಂದು ನೆರೆಯವರ ಮೇಲೆ ಸಂಶಯ ಹುಟ್ಟುವುದೂ ಉಂಟು. ನಿಜವಾದ ಅಪರಾಧಿ ಯಾರೆಂಬುದನ್ನು ಸರಳ ಗುಣಾಕಾರದಿಂದಲೇ ಕಂಡುಹಿಡಿಯಬಹುದು.

ಸ್ಥಳ ಮತ್ತು ನೀರು

ನೀರಿನ ಮೇಲ್ಮೈಯು 10 ಮೀಟರು ಉದ್ದ, 6 ಮೀಟರು ಅಗಲ, ಸರಾಸರಿ ಆಳ ಒಂದೂವರೆ ಮೀಟರು ಇರುವ ಕೊಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ವಿಸ್ತೀರ್ಣ 60 ಚದರ ಮೀಟರು. ಹಿಡಿಯುವ ನೀರು 90,000 ಲೀಟರು.

ಕೊಳಕ್ಕೆ ಬಿಸಿಲೂ ಗಾಳಿಯೂ ಸಲೀಸಾಗಿ ತಾಗಬೇಕು. ಮರದ ಕೆಳಗಿನ ಜಾಗ ಒಳ್ಳೆಯದಲ್ಲ. ಉದುರಿದ ಎಲೆಗಳು ತಳದಲ್ಲಿ ಕೊಳೆಯುತ್ತವೆ. ಔಷಧಿ ಹೊಡೆದ ಗದ್ದೆಯ ನೀರಾಗಲಿ ಮನೆಯ ಬಚ್ಚಲ ನೀರಾಗಲಿ ಒಳಗೆ ಬರಕೂಡದು. ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ, ಕೆರೆಯ ಜಿಗುಟು ಗೋಡುಮಣ್ಣನ್ನು ತಳಕ್ಕೂ ಬದಿಗಳಿಗೂ ಹಾಕಿ ಚೆನ್ನಾಗಿ ದಮ್ಮಸು ಮಾಡಬೇಕು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಊರೂರಿಗೆ ಪರಿಚಿತವಾದ ಕೃಷಿ ಹೊಂಡದಂತೆ ಪಾಲಿಥೀನ್ ಹಾಳೆಯನ್ನೂ ಹಾಸಬಹುದು. ಆದರೆ ಆ ಹಾಳೆ ಬಹಳ ಜಾರುತ್ತದೆ; ಬಿದ್ದವರು ಮೇಲೇರಲಾರರು. ಸುತ್ತಲೂ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ, ಇವೆರಡೂ ಮೀನಿಗಿಂತ ಮೊದಲು ಸಿದ್ಧವಾಗಿರತಕ್ಕದ್ದು.

ಕೊಳದಿಂದ ದಿನಕ್ಕೆ 5 ಮಿಲಿಮೀಟರು ನೀರು ಆವಿಯಾಗುತ್ತದೆಂದು ಇಟ್ಟುಕೊಂಡರೆ ನಷ್ಟ 300 ಲೀಟರು. ವರ್ಷಕ್ಕೆ ಇದು 1,800 ಮಿಲಿಮೀಟರನ್ನು ಮೀರುತ್ತದೆ. ಮಂಡ್ಯ ಜಿಲ್ಲೆಯ ವಾರ್ಷಿಕ ಮಳೆಯಾದರೋ ಸುಮಾರು 700 ಮಿಲಿಮೀಟರು. ಮಳೆಯೊಂದನ್ನೇ ನಂಬಿದರೆ ಕೊಳ ಬತ್ತುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ವರ್ಷವಿಡೀ ಒಂದೇ ಸಮನೆ ಹರಿಯುವುದಿಲ್ಲವಾದ್ದರಿಂದ ಬಾವಿಯ ಅಥವಾ ಕೊಳವೆಬಾವಿಯ ಆಸರೆ ಬೇಕೇ ಬೇಕು.

ನೀರಿನಲ್ಲಿ ಉಸಿರೆಷ್ಟು?

ಒಂದು ಲೀಟರು ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವಿದೆ. ನೀರಿನ ಸಂಗತಿ ಬೇರೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ನೀರು ಗಾಳಿಯಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಕರಗಿಸಿಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ. ನೀರು ಬೆಚ್ಚಗಾದಷ್ಟೂ ಮೀನಿನ ಉಸಿರಾಟ ಹೆಚ್ಚುತ್ತದೆ, ದೊರೆಯುವ ಉಸಿರು ಮಾತ್ರ ಕಡಮೆಯಾಗುತ್ತದೆ! ಮಳವಳ್ಳಿಯು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರು ಎತ್ತರದಲ್ಲಿರುವುದರಿಂದ ವಾಯುಭಾರವು ನೂರಕ್ಕೆ ಏಳರಷ್ಟು ಕಡಮೆ. ಆದಕಾರಣ ನಮ್ಮ ಲೆಕ್ಕಕ್ಕೆ 7 ಮಿಲಿಗ್ರಾಂ ಎಂದು ಹಿಡಿಯೋಣ.

ಗಾಳಿಯ ಆಮ್ಲಜನಕವು ತಳದವರೆಗೆ ಇಳಿಯುವುದು ಹೇಗೆ? ಅಣುಗಳು ತಾವಾಗಿಯೇ ಹರಡುವ ಕ್ರಿಯೆಗೆ ವಿಸರಣ ಎಂದು ಹೆಸರು. ನೀರಿನಲ್ಲಿ ಇದು ಎಷ್ಟು ಮಂದವೆಂದರೆ, ಕಿಂಚಿತ್ತೂ ಕದಲದ ಒಂದೂವರೆ ಮೀಟರು ನೀರನ್ನು ದಾಟಲು ಹತ್ತಾರು ವರ್ಷಗಳೇ ಹಿಡಿಯುತ್ತವೆ. ಗಾಳಿ ಬೀಸಿ ಅಲೆಯೆದ್ದಾಗ, ಇಲ್ಲವೆ ರಾತ್ರಿ ಮೇಲ್ಪದರ ತಣಿದು ಸಾಂದ್ರತೆ ಹೆಚ್ಚಿ ಕೆಳಗಿಳಿದಾಗ ನೀರು ಕಲಕುತ್ತದೆ. ಈ ಕಲಕುವಿಕೆಯೇ ಉಸಿರನ್ನು ತಳಕ್ಕೆ ಒಯ್ಯುತ್ತದೆ. ಅಂತರಗಂಗೆಯು ಮೇಲ್ಮೈಯನ್ನು ಮುಚ್ಚಿಬಿಟ್ಟರೆ ಈ ಬಾಗಿಲು ಮುಚ್ಚಿದಂತೆಯೇ ಸರಿ.

ಇನ್ನೊಂದು ಮೂಲವು ನೀರನ್ನು ಹಸಿರಾಗಿಸುವ ಸೂಕ್ಷ್ಮ ಪಾಚಿ. ಹಗಲಿನಲ್ಲಿ ಅದು ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಸೂರ್ಯ ಮುಳುಗಿದೊಡನೆ ಕೊಡುವುದನ್ನು ನಿಲ್ಲಿಸಿ, ಮೀನಿನಂತೆಯೇ ಬಳಸತೊಡಗುತ್ತದೆ.

ಒಂದು ರಾತ್ರಿಯ ಆಯವ್ಯಯ

ಮೋಡ ಕವಿದ ದಿನದ ಸಂಜೆ ಕೊಳದಲ್ಲಿ ಲೀಟರಿಗೆ 7 ಮಿಲಿಗ್ರಾಂ ಇದೆಯೆನ್ನೋಣ. ಇದು 3ಕ್ಕಿಂತ ಕೆಳಗಿಳಿದರೆ ಮೀನಿಗೆ ಕಷ್ಟ. 1ಕ್ಕಿಂತ ಕೆಳಗಿಳಿದರೆ ಪ್ರಾಣಾಪಾಯ. ಆದುದರಿಂದ ವೆಚ್ಚ ಮಾಡಬಹುದಾದ ಗಂಟು ಲೀಟರಿಗೆ 4 ಮಿಲಿಗ್ರಾಂ. 90,000 ಲೀಟರಿಗೆ 360 ಗ್ರಾಂ.

ಅರ್ಧ ಕಿಲೋಗ್ರಾಂ ತೂಕದ 30 ಮೀನುಗಳಿದ್ದರೆ ಒಟ್ಟು ತೂಕ 15 ಕಿಲೋಗ್ರಾಂ. ಒಂದು ಕಿಲೋಗ್ರಾಂ ಮೀನು ಗಂಟೆಗೆ 300 ಮಿಲಿಗ್ರಾಂ ಬಳಸುತ್ತದೆಂದು ಹಿಡಿದರೆ, ಹನ್ನೆರಡು ಗಂಟೆಯ ರಾತ್ರಿಗೆ 54 ಗ್ರಾಂ. ದಟ್ಟ ಹಸಿರಾದ ನೀರಿನ ಪಾಚಿ ಮತ್ತು ಕೊಳೆಯುತ್ತಿರುವ ಕಸ ಸೇರಿ ಲೀಟರಿಗೆ ಗಂಟೆಗೆ 0.3 ಮಿಲಿಗ್ರಾಂ ಬಳಸಿದರೆ, ರಾತ್ರಿಗೆ 324 ಗ್ರಾಂ. ಎರಡೂ ಕೂಡಿದರೆ 378 ಗ್ರಾಂ. ಆಯಕ್ಕಿಂತ ವ್ಯಯ ಹೆಚ್ಚಾಯಿತು! ಗಾಳಿಯಿಂದ ಸೇರುವ ಅಲ್ಪಸ್ವಲ್ಪವನ್ನೂ ತಳದ ಕೆಸರು ಹೀರುವುದನ್ನೂ ಇಲ್ಲಿ ಬದಿಗಿಟ್ಟಿದ್ದೇವೆ.

ಈಗ ಎರಡು ಪರಿಹಾರಗಳನ್ನು ಹೋಲಿಸಿ ನೋಡೋಣ. ಮೀನುಗಳನ್ನು ಅರ್ಧಕ್ಕಿಳಿಸಿದರೆ ಉಳಿತಾಯ ಕೇವಲ 27 ಗ್ರಾಂ. ನೀರಿನ ಹಸಿರನ್ನೂ ಕೊಳೆತವನ್ನೂ ಅರ್ಧಕ್ಕಿಳಿಸಿದರೆ ಉಳಿತಾಯ 162 ಗ್ರಾಂ. ಮೀನಿನ ಉಸಿರನ್ನು ಕದಿಯುವವರಲ್ಲಿ ಮೊದಲಿಗನು ಮೀನಲ್ಲ, ವಿಷವಿಟ್ಟ ನೆರೆಯವನೂ ಅಲ್ಲ. ಬೇಗ ಬೆಳೆಯಲೆಂದು ನಾವೇ ಪ್ರೀತಿಯಿಂದ ಸುರಿದ ಹೆಚ್ಚಿನ ಸಗಣಿ, ಹೆಚ್ಚಿನ ಮೇವು. ಅವು ಪಾಚಿಗೆ ಗೊಬ್ಬರವಾಗಿ, ಕೊಳೆತು, ಮುಂಜಾವದ ಹೊತ್ತಿಗೆ ಗಂಟನ್ನು ಬರಿದು ಮಾಡುತ್ತವೆ. ಸೂರ್ಯೋದಯಕ್ಕೆ ಸ್ವಲ್ಪ ಮೊದಲಿನ ಆ ಗಳಿಗೆಯೇ ಕೊಳದ ಅತ್ಯಂತ ಕಷ್ಟದ ಗಳಿಗೆ. ಕೊಳವನ್ನು ಯೋಜಿಸತಕ್ಕದ್ದು ಆ ಗಳಿಗೆಗಾಗಿ.

ಮರಿಗಳ ಆಯ್ಕೆ

ಕಾಟ್ಲ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಜಾತಿಗಳು ಒಂದೇ ಕೊಳದಲ್ಲಿ ಜಗಳವಿಲ್ಲದೆ ಬಾಳುತ್ತವೆ. ಕಾಟ್ಲ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಹೆಕ್ಟೇರಿಗೆ 5,000 ಮರಿಗಳೆಂಬುದು ರೂಢಿಯ ಪ್ರಮಾಣ. ನಮ್ಮ 60 ಚದರ ಮೀಟರಿಗೆ 30 ಮರಿ. 12 ಕಾಟ್ಲ, 9 ರೋಹು, 9 ಮೃಗಾಲ್ ಬಿಟ್ಟರೆ ಸರಿಹೋಗುತ್ತದೆ. ಮರಿಗಳು ಬೆರಳುದ್ದಕ್ಕೆ ಬೆಳೆದಿರಬೇಕು. ಕೊರವ ಮೀನು ಒಳಹೊಕ್ಕರೆ ಅವನ್ನು ನುಂಗಿಬಿಡುತ್ತದೆ. ಆದುದರಿಂದ ನೀರು ಬರುವ ಬಾಯಿಗೆ ಸಣ್ಣಕಣ್ಣಿನ ಬಲೆ ಕಟ್ಟಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ನಿಷಿದ್ಧ. ಅದು ತಪ್ಪಿಸಿಕೊಂಡು ನಾಲೆಯನ್ನು ಸೇರಿದರೆ ಹೊಳೆಯ ಮೀನಿಗೇ ಹಾನಿ.

ಈ ಮೂರು ಜಾತಿಗಳು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹಿಂದೆ ನದಿಗಳಿಂದಲೇ ಮರಿಗಳನ್ನು ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿಯವರು ಒರಿಸ್ಸಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನು ಇಂದು ರಾಷ್ಟ್ರೀಯ ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ. ಮರಿಕೇಂದ್ರಗಳಲ್ಲಿ ಇಂದು ನಮಗೆ ಮರಿ ದೊರೆಯುವುದು ಆ ಮಾರ್ಗದ ಫಲ. ಮರಿ ತಂದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಕೊಳದಲ್ಲಿ ತೇಲಿಬಿಟ್ಟು, ಎರಡು ನೀರಿನ ಉಷ್ಣತೆಯೂ ಸಮವಾದ ಮೇಲೆ ಬಾಯಿ ಬಿಚ್ಚಬೇಕು.

ಮೇವು ಮತ್ತು ನಿತ್ಯ ಪರೀಕ್ಷೆ

ಮರಿ ಬಿಡುವ ಎರಡು ವಾರ ಮೊದಲು ಒಂದು ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚು ಸುಣ್ಣವನ್ನೂ ಹತ್ತು ಹನ್ನೆರಡು ಕಿಲೋಗ್ರಾಂ ಸಗಣಿಯನ್ನೂ ಹಾಕಿದರೆ ಸಾಕು. ಅನಂತರ ಅಕ್ಕಿಯ ತೌಡು, ಕಡಲೆಕಾಯಿ ಹಿಂಡಿಗಳನ್ನು ಸಮಭಾಗ ಬೆರೆಸಿ, ಮೀನಿನ ತೂಕದ ನೂರಕ್ಕೆ ಎರಡರಷ್ಟು ಹಾಕಬೇಕು. ಹದಿನೈದು ಕಿಲೋಗ್ರಾಂ ಮೀನಿಗೆ ಇದು ದಿನಕ್ಕೆ 300 ಗ್ರಾಂ. ಮೋಡವಿದ್ದ ದಿನ ಮೇವನ್ನು ನಿಲ್ಲಿಸುವುದು ಲೇಸು.

ಹಸಿರಿನ ಅಳತೆಗೆ ಇಟಲಿಯ ಆಂಜೆಲೊ ಸೆಕಿ 1865ರಲ್ಲಿ ಬಳಸಿದ ಉಪಾಯವೇ ಸಾಕು. ತಟ್ಟೆಯಗಲದ ಬಿಲ್ಲೆಗೆ ಕಪ್ಪು ಬಿಳುಪು ಬಣ್ಣ ಬಳಿದು, ಭಾರ ಕಟ್ಟಿ, ಗುರುತು ಹಾಕಿದ ದಾರದಿಂದ ಇಳಿಬಿಡಿರಿ. ಅದು 30ರಿಂದ 40 ಸೆಂಟಿಮೀಟರು ಆಳದಲ್ಲಿ ಕಣ್ಮರೆಯಾದರೆ ಹದ ಸರಿ. 20ಕ್ಕಿಂತ ಮೊದಲೇ ಮರೆಯಾದರೆ ಗೊಬ್ಬರ, ಮೇವುಗಳನ್ನು ನಿಲ್ಲಿಸಿ ಹೊಸ ನೀರು ಬಿಡಬೇಕು. ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ತಡಮಾಡಕೂಡದು. ಪಂಪಿನಿಂದ ನೀರನ್ನೆತ್ತಿ ಎತ್ತರದಿಂದ ಚಿಮ್ಮಿಸಬೇಕು. ಪಂಪಿಲ್ಲದಿದ್ದರೆ ಕೊಡದಿಂದ ಎತ್ತಿ ಎತ್ತಿ ಸುರಿಯಬೇಕು. ಗಗನಚುಕ್ಕಿ ಹೊಳೆಗೆ ಮಾಡುವ ಉಪಕಾರವನ್ನೇ ನಾವು ಕೊಳಕ್ಕೆ ಮಾಡಿದಂತಾಗುತ್ತದೆ.

ಗಾಳದ ಕಾಲ

ಸುಮಾರು ಎಂಟು ತಿಂಗಳಿಗೆ ಮೀನು ಅರ್ಧ ಕಿಲೋಗ್ರಾಮಿನಷ್ಟಾದಾಗ ಗಾಳ ಹಾಕಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ನಮ್ಮ ಕೊಳದಲ್ಲಿ ಈ ವಿನೋದವು ಉಪಯೋಗವೂ ಹೌದು. ಮೂವತ್ತೂ ಮೀನುಗಳು ಒಂದೊಂದು ಕಿಲೋಗ್ರಾಂ ತೂಗುವವರೆಗೆ ಕಾದರೆ ಅವುಗಳ ರಾತ್ರಿಯ ವೆಚ್ಚ 54ರಿಂದ 108 ಗ್ರಾಮಿಗೆ ಏರುತ್ತದೆ. ದೊಡ್ಡವನ್ನು ಆಗಾಗ ಹಿಡಿಯುತ್ತ ಬಂದರೆ ಉಳಿದವಕ್ಕೆ ಉಸಿರು ಸಾಕಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: ಕೊಳದ ಆಳವನ್ನು ಒಂದೂವರೆ ಮೀಟರಿನಿಂದ ಒಂದು ಮೀಟರಿಗೆ ಇಳಿಸಿ, ಮೀನುಗಳನ್ನು ಅಷ್ಟೇ ಇರಿಸಿ ಮೇಲಿನ ಲೆಕ್ಕವನ್ನು ಮತ್ತೆ ಮಾಡಿರಿ. ಬಳಿಕ ಪಾಚಿಯ ವೆಚ್ಚವನ್ನು 0.15ಕ್ಕೆ ಇಳಿಸಿ ನೋಡಿರಿ. ಯಾವ ಬದಲಾವಣೆಯು ಮೀನನ್ನು ಉಳಿಸಿತೆಂಬುದು ಉತ್ತರದಲ್ಲೇ ಕಾಣುತ್ತದೆ.