ಕೈಗವಸಿನ ಬೆನ್ನಿನ ಅಂಕಿಗಳು

ನನ್ನ ಅಣ್ಣ ತಗಡು ಕತ್ತರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಗಾರ. ಕಳೆದ ವರ್ಷ ತಗಡಿನ ಅಂಚು ಅವನ ಬಲ ಅಂಗೈಯನ್ನು ಸೀಳಿತು; ಏಳು ಹೊಲಿಗೆ ಬಿದ್ದುವು. ಕೈಗೆ ಗವಸು ಇರಲಿಲ್ಲವೆಂದಲ್ಲ. ಇತ್ತು, ದಪ್ಪ ಹತ್ತಿಯದು. ದಪ್ಪವಾದುದೆಲ್ಲ ಭದ್ರವೆಂದು ನಾವು ನಂಬಿದ್ದೆವು. ಗಾಯ ಮಾಗುವಷ್ಟರಲ್ಲಿ ಬೇರೊಂದು ಜೊತೆ ತರುವ ಹೊಣೆ ನನ್ನ ಪಾಲಿಗೆ ಬಂದಿತು. ಆಗ ಕಲಿತುದನ್ನು ಇಲ್ಲಿ ಬರೆದಿದ್ದೇನೆ. ಕಲಾ ವಿಭಾಗದ ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ಕೇಳುವ ಮಿತ್ರರು, ತಮ್ಮ ಮನೆಯಲ್ಲಿ ಕೈಯಿಂದ ದುಡಿಯುವವರೆಷ್ಟು ಮಂದಿಯೆಂದು ಒಮ್ಮೆ ಎಣಿಸಿ ನೋಡಲಿ.

ಪರೀಕ್ಷೆಗೊಳಗಾದ ಗವಸಿನ ಮೇಲೆ ಸುತ್ತಿಗೆಯ ಚಿತ್ರವುಳ್ಳ ಗುರಾಣಿಯೊಂದು ಅಚ್ಚಾಗಿರುತ್ತದೆ. ಜೊತೆಗೆ 'ಇಎನ್ ೩೮೮' ಎಂಬ ಐರೋಪ್ಯ ಮಾನದಂಡದ ಹೆಸರು. ಕೆಳಗೆ '೪ ಎಕ್ಸ್ ೪ ೩ ಡಿ' ಎಂಬಂಥ ಸಾಲು. ಮೊದಲನೆಯದು ಸವೆತಕ್ಕೆ, ಎರಡನೆಯದು ಕೊಯ್ತಕ್ಕೆ, ಮೂರನೆಯದು ಹರಿಯುವಿಕೆಗೆ, ನಾಲ್ಕನೆಯದು ಚುಚ್ಚುವಿಕೆಗೆ. ಕೊಯ್ತದ ಅಂಕಿ ೫ರವರೆಗೆ, ಉಳಿದವು ೪ರವರೆಗೆ. ಎಕ್ಸ್ ಎಂದರೆ ಸೊನ್ನೆಯಲ್ಲ. ಆ ಪರೀಕ್ಷೆ ನಡೆದಿಲ್ಲ ಅಥವಾ ಆ ಗವಸಿಗೆ ಹೊಂದುವುದಿಲ್ಲ ಎಂದರ್ಥ.

ಕೊನೆಯ ಅಕ್ಷರದ ಕಥೆ ಸ್ವಾರಸ್ಯವಾದುದು. ಹಳೆಯ ಪರೀಕ್ಷೆಯಲ್ಲಿ ದುಂಡನೆಯ ಅಲಗೊಂದು ತಿರುಗುತ್ತ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಗಾಜಿನ ಅಥವಾ ಉಕ್ಕಿನ ಎಳೆ ಸೇರಿದ ಗವಸಿನ ಮೇಲೆ ಅಲಗೇ ಮೊಂಡಾಗಿ, ಗವಸಿಗೆ ತನ್ನದಲ್ಲದ ಕೀರ್ತಿ ಬರುತ್ತಿತ್ತು! ಆದುದರಿಂದ ೨೦೧೬ರಲ್ಲಿ ಮಾನದಂಡವನ್ನು ತಿದ್ದಿ, ನೇರವಾದ ಅಲಗನ್ನು ಒಂದೇ ಸಲ ಎಳೆಯುವ ಪರೀಕ್ಷೆಯನ್ನು ಸೇರಿಸಿದರು. ೨೦ ಮಿಲಿಮೀಟರ್ ಎಳೆತದಲ್ಲಿ ಗವಸು ಕೊಯ್ದುಹೋಗಲು ಎಷ್ಟು ಬಲ ಬೇಕೆಂಬುದನ್ನು ಅಕ್ಷರ ಹೇಳುತ್ತದೆ: 'ಎ' ಎಂದರೆ ಕನಿಷ್ಠ ೨ ನ್ಯೂಟನ್, 'ಸಿ' ೧೦, 'ಡಿ' ೧೫, 'ಎಫ್' ೩೦. ಚುಚ್ಚುವಿಕೆಯ ಅಂಕಿಯನ್ನು ಮಾತ್ರ ಅತಿಯಾಗಿ ನಂಬಬಾರದು. ಆ ಪರೀಕ್ಷೆಯ ಮೊಳೆ ದಪ್ಪನೆಯದು. ಸೂಜಿಯ ಮಾತೇ ಬೇರೆ. ವಿದ್ಯುತ್ತಿನ ವಿಷಯದಲ್ಲಂತೂ ಈ ಸಾಲು ಏನನ್ನೂ ಹೇಳದು. ಅದಕ್ಕೆ ಪ್ರತ್ಯೇಕ ರಬ್ಬರಿನ ಗವಸುಗಳಿವೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. "ಅಂಕಿಗಿಂಕಿ ಯಾರು ನೋಡ್ತಾರೆ ಸ್ವಾಮಿ, ದಪ್ಪ ಇದೆ, ತಗೊಳ್ಳಿ" ಎಂದರೊಬ್ಬರು. ನಾಲ್ಕನೆಯ ಅಂಗಡಿಯಾತ ಅಳತೆಯನ್ನೂ ಕೇಳಿ, ಒಳಗಿನ ವಿವರಪತ್ರವನ್ನು ತಾನಾಗಿಯೇ ಬಿಡಿಸಿ ತೋರಿಸಿದ. ಅವನಲ್ಲಿಯೇ 'ಡಿ' ಅಕ್ಷರದ ಜೊತೆಯೊಂದನ್ನು ಕೊಂಡೆ. ಹತ್ತಿಯದಕ್ಕಿಂತ ತೆಳುವಾಗಿದ್ದುದನ್ನು ಕಂಡು ಅಣ್ಣ ಮೊದಲು ನಕ್ಕ.

ಈಗ ತಗಡು ಮುಟ್ಟುವ ಮೊದಲು ಅದನ್ನೇ ತೊಡುತ್ತಾನೆ. ಡ್ರಿಲ್ ಯಂತ್ರದ ಮುಂದೆ ಮಾತ್ರ ಕಳಚಿಡುತ್ತಾನೆ. ತಿರುಗುವ ಮೊನೆಗೆ ಗವಸು ಸಿಕ್ಕಿದರೆ ಅದು ಕೈಯನ್ನೂ ಸೆಳೆದುಕೊಂಡುಬಿಡುತ್ತದೆ.