ಮನೆಯ ವ್ಯಾಜ್ಯಕ್ಕೆ ಮಧ್ಯಸ್ಥಿಕೆಯ ಮದ್ದು

ನಿದ್ರೆ ಬಾರದು, ತಲೆನೋವು ಬಿಡದು, ರಕ್ತದೊತ್ತಡ ಇಳಿಯದು ಎಂದು ವೈದ್ಯರಲ್ಲಿಗೆ ಹೋಗುವ ಕೆಲವರ ನೋವಿನ ಬೇರು ಮನೆಯೊಳಗಿನ ಕಲಹದಲ್ಲಿರುತ್ತದೆ. ದಂಪತಿಗಳ ವಿರಸ ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ಎಳೆದಾಗ ಆ ಬೇರು ಇನ್ನೂ ಆಳಕ್ಕಿಳಿಯುತ್ತದೆ. ಮಕ್ಕಳು ಊಟ ಬಿಡುತ್ತಾರೆ, ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾರೆ.

ಹಿರಿಯರ ಮುಂದೆ ಕುಳಿತು ಜಗಳ ಬಗೆಹರಿಸಿಕೊಳ್ಳುವ ಪದ್ಧತಿ ನಮಗೆ ಹೊಸದಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಭಕ್ತರು ಇಂದಿಗೂ ತಮ್ಮ ವ್ಯಾಜ್ಯಗಳನ್ನು ಒಯ್ಯುತ್ತಾರೆ. ಆದರೆ ಪಂಚಾಯಿತಿಯಲ್ಲಿ ಹಿರಿಯರ ಮಾತೇ ತೀರ್ಮಾನ. ನ್ಯಾಯಾಲಯದ ಮಧ್ಯಸ್ಥಿಕೆಯಲ್ಲಿ ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ, ಅಗತ್ಯವಿದ್ದರೆ ಬೇರೆಬೇರೆಯಾಗಿ ಆಲಿಸುತ್ತಾರೆ, ತೀರ್ಮಾನ ದಂಪತಿಗಳದೇ. ಅಲ್ಲಿ ಆಡಿದ ಮಾತು ಗೋಪ್ಯ; ಮುಂದೆ ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಒಪ್ಪಂದವಾಗದಿದ್ದರೆ ಪ್ರಕರಣ ನ್ಯಾಯಾಲಯಕ್ಕೆ ಮರಳುತ್ತದೆ.

ದಂಪತಿಗಳನ್ನು ರಾಜಿಗೆ ತರಲು ಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಹೇಳುತ್ತದೆ. ನಮ್ಮ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ದಾವೆ ಹೂಡುವ ಮೊದಲೇ ನೆರವಾಗುವ ಘಟಕಗಳನ್ನು ಮಧ್ಯಸ್ಥಿಕೆ ಕೇಂದ್ರಗಳಲ್ಲಿ ತೆರೆಯಬೇಕೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಸೂಚಿಸಿತು. ಗಾಯ ಹಸಿಯಿರುವಾಗಲೇ ಮದ್ದು ಹಚ್ಚಬೇಕೆಂಬುದೇ ಇದರ ಅರ್ಥ. ಆರೋಪಗಳು ಕಾಗದಕ್ಕಿಳಿದ ಮೇಲೆ ಮನಸ್ಸುಗಳು ಕಲ್ಲಾಗುತ್ತವೆ.

ಮಧ್ಯಸ್ಥಿಕೆಯೆಂದರೆ ಮತ್ತೆ ಕೂಡಿಸುವುದಷ್ಟೇ ಅಲ್ಲ. ಜೀವನಾಂಶ, ಸ್ತ್ರೀಧನ, ಮಕ್ಕಳ ವಾಸ ಮತ್ತು ಭೇಟಿಯ ದಿನಗಳನ್ನು ನಿರ್ಧರಿಸಿಕೊಂಡು ಗೌರವದಿಂದ ಬೇರೆಯಾಗುವುದೂ ಅದರ ಫಲವಾಗಬಹುದು. ತಂದೆ ತಾಯಿ ಬೇರೆಯಾದರೂ ಮಗುವಿಗೆ ಇಬ್ಬರೂ ಉಳಿಯಬೇಕು.

ಒಂದು ಎಚ್ಚರಿಕೆ ಅಗತ್ಯ. ಹೊಡೆತ, ಬೆದರಿಕೆ, ವರದಕ್ಷಿಣೆಯ ಪೀಡನೆ ಇರುವಲ್ಲಿ "ಹೊಂದಿಕೊಂಡು ಹೋಗು" ಎನ್ನುವುದು ಮಧ್ಯಸ್ಥಿಕೆಯಲ್ಲ, ಅನ್ಯಾಯ. ಅಲ್ಲಿ ಮೊದಲು ಬೇಕಾದುದು ರಕ್ಷಣೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು; 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಇದೆ.

ಹೊಳೆಹೊನ್ನೂರು ಭಾಗದ ಸದ್ಭಕ್ತರು ಭದ್ರಾವತಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಕಾನೂನು ನೆರವಿನ ದೂರವಾಣಿ 15100. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ.

ಹೋಗುವ ಮುನ್ನ ಮಾತುಕತೆಯಲ್ಲಿ ತಮಗೆ ನಿಜವಾಗಿ ಬೇಕಾದುದೇನೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ಮಕ್ಕಳ ಮೂಲಕ ಮಾತು ಕಳುಹಿಸದಿರಿ. ಬಂಧುಗಳಾದವರು ಕಿಡಿಗೆ ಗಾಳಿ ಊದದೆ, ಇಬ್ಬರೂ ಎದುರುಬದುರು ಕುಳಿತು ಮಾತನಾಡುವಂತೆ ಮಾಡಿದರೆ ಅದೇ ದೊಡ್ಡ ಉಪಕಾರ.